ಕರೇಮಾ: ಆಲ್ಪ್ಸ್ ಬುಡದ ಕಲ್ಲುಕಂಬಗಳ ಕೆಂಪು ವೈನ್

ಕರೇಮಾ ಎಂಬುದು ಇಟಲಿಯ ವಾಯವ್ಯ ಮೂಲೆಯಲ್ಲಿರುವ ಒಂದು ಪುಟ್ಟ ಹಳ್ಳಿ. ಹಳ್ಳಿಯ ಬೆನ್ನಿಗಿರುವ ಬೆಟ್ಟದಲ್ಲಿ ಬೆಳೆದ ದ್ರಾಕ್ಷಿಯಿಂದ ಮಾಡುವ ಕೆಂಪು ವೈನಿಗೂ ಇದೇ ಹೆಸರು. ಪಿಯೆಮೊಂಟೆ ಪ್ರಾಂತ್ಯ ಮುಗಿದು ಆವೋಸ್ಟಾ ಕಣಿವೆ ಶುರುವಾಗುವ ಗಡಿಯಲ್ಲಿ, ಡೋರಾ ಬಾಲ್ಟೆಯಾ ನದಿಯ ಎಡದಂಡೆಯಲ್ಲಿ ಈ ಊರಿದೆ. ಆಡಳಿತದ ಲೆಕ್ಕದಲ್ಲಿ ಟ್ಯೂರಿನ್ ಮಹಾನಗರ ಜಿಲ್ಲೆಗೆ ಸೇರಿದೆ. ಜನಸಂಖ್ಯೆ ಸಾವಿರಕ್ಕೂ ಕಡಿಮೆ. ದ್ರಾಕ್ಷಿತೋಟಗಳು ಸಮುದ್ರಮಟ್ಟದಿಂದ ಸುಮಾರು 300 ಮೀಟರಿನಿಂದ 600 ಮೀಟರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತವೆ. ಎಲ್ಲ ಸೇರಿ ಇಂದು ಸುಮಾರು 20 ಹೆಕ್ಟೇರ್, ಅಂದರೆ ಐವತ್ತು ಎಕರೆಯಷ್ಟು ಮಾತ್ರ. ಇದೇ ತಳಿಯ ದ್ರಾಕ್ಷಿಯಿಂದ ಇದೇ ಪ್ರಾಂತ್ಯದಲ್ಲಿ ತಯಾರಾಗುವ ಜಗತ್ಪ್ರಸಿದ್ಧ ಬರೋಲೊ ವೈನಿನ ತೋಟಗಳು 2,000 ಹೆಕ್ಟೇರಿಗೂ ಹೆಚ್ಚಿವೆ. ಅದರ ನೂರರಲ್ಲೊಂದು ಪಾಲಿನಷ್ಟಿರುವ ಕರೇಮಾ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನಕ್ಕೆ ಅರ್ಹವಾಗುವುದು ಅಲ್ಲಿನ ಜನ ದ್ರಾಕ್ಷಿಗೆಂದು ಕಟ್ಟಿದ ಕಲ್ಲಿನಿಂದಾಗಿ. ದ್ರಾಕ್ಷಿ ಹಣ್ಣಾಗಲು ಕಷ್ಟಪಡುವಷ್ಟು ತಂಪಾದ, ಮಣ್ಣು ಸಾಲದ ಬೆಟ್ಟದಲ್ಲಿ ಅವರು ಬಿಸಿಯನ್ನು ಕಲ್ಲಿನಲ್ಲಿ ಕೂಡಿಟ್ಟು, ಮಣ್ಣನ್ನು ಬೆನ್ನಮೇಲೆ ಹೊತ್ತು ತಂದು ತೋಟ ಮಾಡಿದರು.

ನೆಲ ಮತ್ತು ದಾರಿ

ಡೋರಾ ಬಾಲ್ಟೆಯಾ ನದಿ ಮಾಂಟ್ ಬ್ಲಾಂಕ್ ಶಿಖರದ ತಪ್ಪಲಲ್ಲಿ ಹುಟ್ಟಿ, ಆವೋಸ್ಟಾ ಕಣಿವೆಯನ್ನು ಉದ್ದಕ್ಕೂ ಹಾದು, ಪೋ ನದಿಯನ್ನು ಸೇರುತ್ತದೆ. ಹಿಮಯುಗಗಳಲ್ಲಿ ಈ ಕಣಿವೆಯ ತುಂಬ ಒಂದು ದೈತ್ಯ ಹಿಮನದಿ ಹರಿಯುತ್ತಿತ್ತು. ಅದು ಬಂಡೆಗಳನ್ನು ಉಜ್ಜಿ ಪುಡಿಮಾಡಿ, ಕಣಿವೆಯ ಬಾಯಿಯಲ್ಲಿ ರಾಶಿ ಹಾಕಿ ಹೋಯಿತು. ಕರೇಮಾದ ಕೆಳಗೆ, ಇವ್ರೇಯಾ ಪಟ್ಟಣದ ಸುತ್ತ ಆ ರಾಶಿಗಳು ಇಂದಿಗೂ ಗುಡ್ಡಗಳ ಕೋಟೆಯಂತೆ ನಿಂತಿವೆ. ಅವುಗಳಲ್ಲೊಂದಾದ ಸೆರ್ರಾ ಏಣು ಸುಮಾರು 25 ಕಿಲೋಮೀಟರ್ ಉದ್ದ, ಗೆರೆ ಎಳೆದಷ್ಟು ನೇರ. ಯುರೋಪಿನಲ್ಲಿ ಹಿಮನದಿ ಬಿಟ್ಟುಹೋದ ಅತಿ ದೊಡ್ಡ ದಿಬ್ಬಗಳಲ್ಲಿ ಅದೂ ಒಂದು.

ಕರೇಮಾದ ಮಣ್ಣು ಆ ಉಜ್ಜಾಟದ ಉಳಿಕೆ: ಮರಳು ಮಿಶ್ರಿತ, ಹುಳಿಗುಣದ, ನೀರು ನಿಲ್ಲದ ಬಡ ಮಣ್ಣು. ಅದರ ಅಡಿಯಲ್ಲಿ ಅಭ್ರಕ ಮಿನುಗುವ ಪದರಗಲ್ಲು. ಬೆಟ್ಟ ಇಲ್ಲಿ ಅರ್ಧ ಬೋಗುಣಿಯಂತೆ ಬಾಗಿ ದಕ್ಷಿಣ ಮತ್ತು ನೈಋತ್ಯಕ್ಕೆ ಮುಖಮಾಡಿದೆ. ಬಡಗಣ ಗಾಳಿಗೆ ಬೆನ್ನು, ಬಿಸಿಲಿಗೆ ಮುಖ. ಪ್ರಕೃತಿ ಕೊಟ್ಟ ಅನುಕೂಲವೆಂದರೆ ಇದೊಂದೇ.

ದಾರಿ ಮಾತ್ರ ಬಹಳ ಹಳೆಯದು. ಇಟಲಿಯಿಂದ ಆಲ್ಪ್ಸ್ ದಾಟಿ ಗಾಲ್ ನಾಡಿಗೆ ಹೋಗುವ ರೋಮನ್ ಹೆದ್ದಾರಿ ಇದೇ ಕಣಿವೆಯಲ್ಲಿತ್ತು. ಪಕ್ಕದ ಪಾಂಟ್ ಸೇಂಟ್ ಮಾರ್ಟಿನ್ ಊರಿನಲ್ಲಿ ಕ್ರಿ.ಪೂ. ಒಂದನೆಯ ಶತಮಾನದ ಒಂಟಿ ಕಮಾನಿನ ಕಲ್ಲುಸೇತುವೆ ಇಂದಿಗೂ ನಿಂತಿದೆ. ಅಲ್ಲಿಂದ ಸ್ವಲ್ಪ ಮೇಲಿರುವ ಡೊನ್ನಾಸ್‌ನಲ್ಲಿ ರಸ್ತೆಗಾಗಿ ಸುಮಾರು 220 ಮೀಟರ್ ಉದ್ದ ಬಂಡೆಯನ್ನೇ ಕಡಿದಿದ್ದಾರೆ. ಹಾಗೆ ಕಡಿಯುವಾಗ ಬಂಡೆಯಲ್ಲೇ ಒಂದು ಕಮಾನು ಉಳಿಸಿದ್ದಾರೆ, ಪಕ್ಕದಲ್ಲಿ ಆವೋಸ್ಟಾಕ್ಕೆ 36 ಮೈಲಿ ಎಂದು ತೋರಿಸುವ ಮೈಲಿಗಲ್ಲನ್ನೂ ಕೆತ್ತಿದ್ದಾರೆ. ಮಧ್ಯಯುಗದಲ್ಲಿ ಕ್ಯಾಂಟರ್‌ಬರಿಯಿಂದ ರೋಮಿಗೆ ಹೋಗುವ ಯಾತ್ರಿಕರು ತುಳಿದದ್ದು ಈ ಹಾದಿಯನ್ನೇ. ವಿಯಾ ಫ್ರಾಂಚಿಜೆನಾ ಎಂದು ಕರೆಯುವ ಆ ಯಾತ್ರಾಮಾರ್ಗ ಪಿಯೆಮೊಂಟೆಯನ್ನು ಪ್ರವೇಶಿಸುವುದು ಕರೇಮಾದಲ್ಲಿ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯವೂ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯನ್ನು ದಾಟಿ ಇದೇ ಕಣಿವೆಯಲ್ಲಿ ಇಳಿಯಿತು. ಆಳುವವರು, ಯಾತ್ರಿಕರು, ವ್ಯಾಪಾರಿಗಳು ಹೀಗೆ ಸಾಲಾಗಿ ಹಾದುಹೋಗುವ ದಾರಿಯ ಪಕ್ಕದ ಊರಿಗೆ ವೈನ್ ಮಾರಲು ಸಂತೆ ಹುಡುಕಬೇಕಾಗಿರಲಿಲ್ಲ. ಕಡಿದಾದ ಬೆಟ್ಟದಲ್ಲಿ ಇಷ್ಟು ಕಷ್ಟಪಟ್ಟು ದ್ರಾಕ್ಷಿ ಬೆಳೆದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಒಡ್ಡು, ಕಂಬ, ಚಪ್ಪರ

ತೋಟದ ಮೊದಲ ಕೆಲಸ ಒಡ್ಡು ಕಟ್ಟುವುದು. ಬೆಟ್ಟದ ಇಳಿಜಾರಿನಲ್ಲಿ ಸಿಕ್ಕ ಕಲ್ಲನ್ನೇ ಗಾರೆಯಿಲ್ಲದೆ ಪೇರಿಸಿ ಗೋಡೆ ಎಬ್ಬಿಸುತ್ತಾರೆ. ಗೋಡೆಯ ಹಿಂದೆ ಮೊದಲು ಚೂರುಗಲ್ಲು ತುಂಬಿ, ಮೇಲೆ ಮಣ್ಣು ಹರಡುತ್ತಾರೆ. ಆ ಮಣ್ಣು ಬಹುಪಾಲು ಕೆಳಗಿನಿಂದ ಬೆನ್ನುಬುಟ್ಟಿಯಲ್ಲಿ ಹೊತ್ತು ತಂದದ್ದು. ಗಾರೆ ಹಾಕದಿರುವುದರ ಹಿಂದೆ ಒಂದು ಲೆಕ್ಕವಿದೆ. ಜೋರು ಮಳೆ ಬಂದಾಗ ಗೋಡೆಯ ಹಿಂದೆ ನಿಂತ ನೀರು ಕಲ್ಲಿನ ಸಂದಿಗಳಿಂದ ಜಿನುಗಿ ಹೊರಗೆ ಹೋಗಬೇಕು. ಸಂದಿ ಮುಚ್ಚಿದರೆ ನೀರಿನ ಒತ್ತಡಕ್ಕೆ ಗೋಡೆ ಹೊಟ್ಟೆ ಉಬ್ಬಿಸಿ ಒಡೆಯುತ್ತದೆ. ಹೀಗೆ ಗಾರೆಯಿಲ್ಲದೆ ಕಲ್ಲು ಕಟ್ಟುವ ವಿದ್ಯೆಯನ್ನು ಇಟಲಿ, ಸ್ವಿಟ್ಜರ್‌ಲೆಂಡ್, ಫ್ರಾನ್ಸ್, ಕ್ರೊಯೇಷಿಯಾ ಸೇರಿದಂತೆ ಎಂಟು ದೇಶಗಳ ಪರವಾಗಿ ಯುನೆಸ್ಕೊ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಡ್ಡು ಆಲ್ಪ್ಸಿನಲ್ಲಿ ಎಲ್ಲೆಡೆ ಇದೆ. ಲೊಂಬಾರ್ಡಿಯ ವಾಲ್ತೆಲ್ಲೀನಾ ಕಣಿವೆಯಲ್ಲಿ ಇಂಥ ಗೋಡೆಗಳನ್ನು ಒಂದರ ಹಿಂದೊಂದು ಇಟ್ಟರೆ ಸುಮಾರು 2,500 ಕಿಲೋಮೀಟರ್ ಆಗುತ್ತದೆ ಎಂದು ಅಂದಾಜಿದೆ. ಆದರೆ ಕರೇಮಾದ ಕಂಬ ಬೇರೆಡೆ ಕಾಣುವುದು ಅಪರೂಪ. ಸ್ಥಳೀಯ ಮಾತಿನಲ್ಲಿ ಅದಕ್ಕೆ 'ಪಿಲುನ್' ಎನ್ನುತ್ತಾರೆ. ಕಲ್ಲನ್ನು ಸುಣ್ಣದ ಗಾರೆಯಲ್ಲಿ ಕಟ್ಟಿ, ಬುಡ ದಪ್ಪಗೆ, ಮೇಲೆ ಹೋದಂತೆ ಕಿರಿದಾಗಿ, ಆಳೆತ್ತರಕ್ಕೆ ಎಬ್ಬಿಸಿದ ದುಂಡುಕಂಬ ಅದು. ನೆತ್ತಿಯ ಮೇಲೆ ಒಂದು ಚಪ್ಪಟೆ ಹಾಸುಗಲ್ಲು. ಕಂಬದಿಂದ ಕಂಬಕ್ಕೆ ಚೆಸ್ಟ್‌ನಟ್ ಮರದ ತೊಲೆಗಳನ್ನು ಹಾಸುತ್ತಾರೆ. ಆ ತೊಲೆಗಳ ಮೇಲೆ ಅಡ್ಡಗಳುಗಳು, ಅವುಗಳ ಮೇಲೆ ಬಳ್ಳಿ. ಬಳ್ಳಿಯನ್ನು ಗಳಕ್ಕೆ ಕಟ್ಟಲು ವಿಲ್ಲೋ ಗಿಡದ ಎಳೆಯ ಬಳುಕು ಕಡ್ಡಿಗಳೇ ದಾರ. ಈ ಇಡೀ ಚಪ್ಪರಕ್ಕೆ 'ತೋಪಿಯಾ' ಎಂದು ಹೆಸರು. ಕೆಳಗಿನ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಬೆಟ್ಟದ ತುಂಬ ಸಾಲುಕಂಬದ ಮಂಟಪಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ತೋರುತ್ತದೆ.

ಬರೀ ಬಳ್ಳಿಯ ಭಾರಕ್ಕೆ ಇಷ್ಟು ದಪ್ಪನೆಯ ಕಂಬ ಬೇಕಿಲ್ಲ. ಮರದ ಗೂಟ ಸಾಕಾಗುತ್ತಿತ್ತು. ಬೇಸಿಗೆಯ ಸಂಜೆ ದೇವಸ್ಥಾನದ ಪ್ರಾಕಾರದಲ್ಲಿ ಬರಿಗಾಲಲ್ಲಿ ನಡೆದವರಿಗೆ ಇದರ ಗುಟ್ಟು ಅಂಗಾಲಿನಲ್ಲೇ ಗೊತ್ತಾಗುತ್ತದೆ: ಹೊತ್ತು ಮುಳುಗಿ ಗಂಟೆಯಾದರೂ ಕಲ್ಲುಹಾಸು ಬೆಚ್ಚಗಿರುತ್ತದೆ. ಕರೇಮಾದ ಕಂಬಗಳೂ ಒಡ್ಡುಗಳೂ ಹಗಲೆಲ್ಲ ಬಿಸಿಲು ಕುಡಿದು, ಬೆಟ್ಟದ ಚಳಿ ಇಳಿಯುವ ಹೊತ್ತಿಗೆ ಆ ಬಿಸಿಯನ್ನು ಮೆಲ್ಲಮೆಲ್ಲನೆ ಗೊಂಚಲುಗಳ ಕಡೆಗೆ ಬಿಡುತ್ತವೆ. ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬಂದಾಗ, ದ್ರಾಕ್ಷಿಗೆ ಇನ್ನೂ ಎರಡು ವಾರ ಬಿಸಿ ಬೇಕಿರುವಾಗ, ಈ ಕಾವು ಹಣ್ಣಿಗೂ ಕಾಯಿಗೂ ನಡುವಿನ ವ್ಯತ್ಯಾಸವಾಗಿಬಿಡುತ್ತದೆ. ಚಪ್ಪರದಿಂದ ಇನ್ನೂ ಕೆಲವು ಲಾಭಗಳಿವೆ. ನೆಲಕ್ಕಂಟಿದ ಇಬ್ಬನಿ, ಹಿಮ ಗೊಂಚಲಿಗೆ ತಾಗುವುದಿಲ್ಲ. ಗಾಳಿ ಅಡಿಯಿಂದ ಹಾದುಹೋಗುವುದರಿಂದ ಬೂಷ್ಟು ಕಡಿಮೆ. ಎಲೆಗಳೆಲ್ಲ ಒಂದೇ ಹಾಸಿನಲ್ಲಿ ಹರಡಿ ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಹಿಂದೆ ಚಪ್ಪರದ ನೆರಳಲ್ಲಿ ಮನೆಮಟ್ಟಿಗೆ ತರಕಾರಿಯನ್ನೂ ಬೆಳೆದುಕೊಳ್ಳುತ್ತಿದ್ದರು. ಇಷ್ಟು ಕಷ್ಟದಿಂದ ಮಾಡಿದ ನೆಲದಲ್ಲಿ ಒಂದಡಿಯನ್ನೂ ಖಾಲಿ ಬಿಡುವುದು ಅವರಿಗೆ ಸಾಧ್ಯವಿರಲಿಲ್ಲ.

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿತೋಟಗಳನ್ನು ಕಂಡ ಕನ್ನಡಿಗರಿಗೆ ಕಲ್ಲುಕಂಬದ ಚಪ್ಪರ ಹೊಸದಲ್ಲ. ನಮ್ಮಲ್ಲಿಯೂ ಗ್ರಾನೈಟ್ ಕಲ್ಲಿನ ಕಂಬ ನೆಟ್ಟು, ತಂತಿ ಎಳೆದು ಬಳ್ಳಿ ಹಬ್ಬಿಸುತ್ತಾರೆ. ಎತ್ತರದಲ್ಲಿ ನಮ್ಮ ಆ ತೋಟಗಳೇ ಮೇಲು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಕರೇಮಾದ ಅತಿ ಮೇಲಿನ ಬಳ್ಳಿಗಿಂತಲೂ ಮುನ್ನೂರು ಮೀಟರ್ ಹೆಚ್ಚು. ಆದರೆ ಕರೇಮಾ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಾಚೆ. ನಮ್ಮ ಚಪ್ಪರ ಗೊಂಚಲನ್ನು ಸುಡುಬಿಸಿಲಿನಿಂದ ಕಾಯುತ್ತದೆ, ಅಲ್ಲಿನದು ಸಿಕ್ಕಷ್ಟು ಬಿಸಿಲನ್ನು ಹಿಡಿದಿಡುತ್ತದೆ. ವಿಜಯಪುರದ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದಾಗ ಒಂದೇ ಸಲ. ವರ್ಷಕ್ಕೊಂದೇ ಬೆಳೆ, ಅದು ಕೆಟ್ಟರೆ ಮುಂದಿನ ವರ್ಷದವರೆಗೆ ಕಾಯಬೇಕು.

ನೆಬ್ಬಿಯೋಲೊ

ಕರೇಮಾದ ತಳಿ ನೆಬ್ಬಿಯೋಲೊ. ಹೆಸರಿನ ಮೂಲ ಮಂಜು ಎಂಬ ಅರ್ಥದ ಇಟಾಲಿಯನ್ ಪದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾರ್ತಿಕದ ಮಂಜು ಕವಿಯುವ ಹೊತ್ತಿಗೆ ಕೊಯ್ಲಿಗೆ ಬರುವುದರಿಂದ ಹಾಗೆ ಎನ್ನುವವರಿದ್ದಾರೆ, ಹಣ್ಣಿನ ಮೇಲಿನ ಬಿಳಿ ಬೂದಿಯಿಂದ ಎನ್ನುವವರೂ ಇದ್ದಾರೆ. ಟ್ಯೂರಿನ್ ಬಳಿಯ ರಿವೋಲಿಯ 1266ರ ಲೆಕ್ಕಪತ್ರದಲ್ಲಿ ಈ ಹೆಸರು ಮೊದಲು ಕಾಣುತ್ತದೆ. ಕರೇಮಾದವರು ತಮ್ಮ ಉಪತಳಿಗಳನ್ನು ಪಿಕುತೆನೆರ್ ಮತ್ತು ಪುನ್ಯೆತ್ ಎಂದು ಕರೆಯುತ್ತಾರೆ. ಮೊದಲನೆಯದು ಮೆದು ತೊಟ್ಟಿನದು, ಎರಡನೆಯದು ಮುಷ್ಟಿಯಂತೆ ಬಿಗಿದ ಗೊಂಚಲಿನದು. ವಾಲ್ತೆಲ್ಲೀನಾದಲ್ಲಿ ಇದೇ ಬಳ್ಳಿಗೆ ಕ್ಯಾವೆನ್ನಾಸ್ಕಾ ಎಂದು ಹೆಸರು.

ಬೆಳೆಯುವವನ ತಾಳ್ಮೆಯನ್ನು ಪರೀಕ್ಷಿಸುವ ತಳಿ ಇದು. ಚಿಗುರುವುದು ಎಲ್ಲಕ್ಕಿಂತ ಮೊದಲು, ಹಾಗಾಗಿ ವಸಂತದ ಕೊರೆಯುವ ಹಿಮಕ್ಕೆ ಸಿಕ್ಕಿಬೀಳುತ್ತದೆ. ಹಣ್ಣಾಗುವುದು ಎಲ್ಲಕ್ಕಿಂತ ಕೊನೆಗೆ, ಹಾಗಾಗಿ ಶರತ್ಕಾಲದ ಮಳೆಗೆ ಸಿಕ್ಕಿಬೀಳುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ವೈನಿನಲ್ಲಿ ಶೇ 1ರಷ್ಟು ಆಲ್ಕೊಹಾಲ್ ಸೇರುತ್ತದೆ. ಕರೇಮಾಕ್ಕೆ ನಿಯಮ ವಿಧಿಸಿರುವ ಕನಿಷ್ಠ ಶೇ 12 ಬರಬೇಕಾದರೆ ಲೀಟರಿಗೆ 200 ಗ್ರಾಂ ಮೀರಿ ಸಕ್ಕರೆ ಬೇಕು. ತಂಪು ವರ್ಷಗಳಲ್ಲಿ ಅದೇ ದೊಡ್ಡ ಹೋರಾಟ. ಕಂಬಗಳ ಕಾವು ಆ ಹೋರಾಟಕ್ಕಾಗಿ.

ಬಣ್ಣದ ವಿಷಯದಲ್ಲಿ ಹೊಸಬರು ಮೋಸಹೋಗುತ್ತಾರೆ. ಕೆಂಪು ವೈನ್ ಗಾಢವಾಗಿದ್ದಷ್ಟೂ ಗಟ್ಟಿ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನೆಬ್ಬಿಯೋಲೊ ಸಿಪ್ಪೆಯಲ್ಲಿ ಬಣ್ಣದ ಅಂಶ ಕಡಿಮೆ. ಇರುವುದರಲ್ಲಿಯೂ ಗಾಳಿಗೆ ಬೇಗ ಮಾಸುವ ಬಗೆಯದೇ ಹೆಚ್ಚು. ಆದ್ದರಿಂದ ಎಳೆಯ ಕರೇಮಾವೇ ತಿಳಿಯಾದ ದಾಳಿಂಬೆ ಬಣ್ಣದ್ದು, ಲೋಟದ ಆಚೆಗಿನ ಬೆರಳು ಕಾಣುವಷ್ಟು ಪಾರದರ್ಶಕ. ಕೆಲವೇ ವರ್ಷಗಳಲ್ಲಿ ಅಂಚು ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಆ ತೆಳುಬಣ್ಣ ನೋಡಿ ಹಗುರವೆಂದು ಭಾವಿಸಿ ಬಾಯಿಗಿಟ್ಟರೆ, ಎಳೆ ಬಾಳೆಕಾಯಿ ಕಚ್ಚಿದಂಥ ಒಗರು ವಸಡನ್ನು ಹಿಡಿದೆಳೆಯುತ್ತದೆ. ಹಿಂದೆಯೇ ಹುಳಿ. ಈ ಒಗರು ಹುಳಿಗಳೇ ವೈನನ್ನು ಹತ್ತಿಪ್ಪತ್ತು ವರ್ಷ ಕಾಪಾಡುವುದು. ಕಾಲ ಕಳೆದಂತೆ ಒಗರು ಮೃದುವಾಗಿ, ಒಣಗಿದ ಗುಲಾಬಿ ಪಕಳೆ, ಹುಳಿಚೆರ್ರಿ, ಬೆಟ್ಟದ ಗಿಡಮೂಲಿಕೆಗಳನ್ನು ನೆನಪಿಸುವ ವಾಸನೆ ಮೇಲೇಳುತ್ತದೆ. ಬರೋಲೊದ ಮೈಕಟ್ಟು ಇದಕ್ಕಿಲ್ಲ. ಇರಬೇಕಾಗಿಯೂ ಇಲ್ಲ. ದಕ್ಷಿಣದ ಬೆಚ್ಚಗಿನ ಗುಡ್ಡಗಳ ನೆಬ್ಬಿಯೋಲೊದಲ್ಲಿ ಮುಚ್ಚಿಹೋಗುವ ಸೂಕ್ಷ್ಮಗಳು ಈ ತೆಳ್ಳಗಿನ ಬೆಟ್ಟದ ವೈನಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಅದೇ ಇದರ ಹೆಚ್ಚುಗಾರಿಕೆ.

ತಯಾರಿ ಮತ್ತು ನಿಯಮ

ಅಕ್ಟೋಬರಿನಲ್ಲಿ ಕೈಯಿಂದಲೇ ಕೊಯ್ಲು. ಒಡ್ಡುಗಳ ನಡುವೆ ಯಂತ್ರ ಹೋಗುವಂತಿಲ್ಲ. ತಲೆಯ ಮೇಲಿನ ಚಪ್ಪರದಿಂದ ಕೊಯ್ಯುವುದರಿಂದ ದಿನವಿಡೀ ಕೈ ಮೇಲೆತ್ತಿಯೇ ಇರಬೇಕು. ಗೊಂಚಲುಗಳ ತೊಟ್ಟು ಬಿಡಿಸಿ, ಹಣ್ಣನ್ನು ಒಡೆದು, ಸಿಪ್ಪೆ ಬೀಜದ ಸಮೇತ ಹುದುಗಲು ಬಿಡುತ್ತಾರೆ. ಬಣ್ಣ, ಒಗರು ಎರಡೂ ಸಿಪ್ಪೆಯಿಂದ ರಸಕ್ಕೆ ಇಳಿಯುವುದು ಆಗಲೇ. ಆಮೇಲೆ ಹಿಂಡಿ, ಮರದ ಪೀಪಾಯಿಗೆ ತುಂಬುತ್ತಾರೆ. ಇಲ್ಲಿನ ವಾಡಿಕೆ ದೊಡ್ಡ ಪೀಪಾಯಿಗಳದು. ಸಣ್ಣ ಹೊಸ ಪೀಪಾಯಿಯಲ್ಲಿ ಮರದ ವಾಸನೆ ಹಣ್ಣಿನ ವಾಸನೆಯನ್ನು ನುಂಗಿಬಿಡುತ್ತದೆ, ಇಂಥ ನಾಜೂಕು ವೈನಿಗೆ ಅದು ಒಗ್ಗುವುದಿಲ್ಲ.

ಇಟಲಿಯಲ್ಲಿ ವೈನಿನ ಊರಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಡಿಒಸಿ ವ್ಯವಸ್ಥೆ 1963ರಲ್ಲಿ ಬಂತು. ಕರೇಮಾಕ್ಕೆ ಆ ಮಾನ್ಯತೆ ಸಿಕ್ಕಿದ್ದು 1967ರಲ್ಲಿ. ಈಗಿನ ನಿಯಮದಂತೆ ಕನಿಷ್ಠ ಶೇ 85 ನೆಬ್ಬಿಯೋಲೊ ಇರಬೇಕು. ಹೆಕ್ಟೇರಿಗೆ 8 ಟನ್ ಮೀರಿ ಹಣ್ಣು ತೆಗೆಯುವಂತಿಲ್ಲ. ಮಾರಾಟಕ್ಕೆ ಮೊದಲು 24 ತಿಂಗಳು ಇಡಬೇಕು, ಅದರಲ್ಲಿ 12 ತಿಂಗಳು ಓಕ್ ಅಥವಾ ಚೆಸ್ಟ್‌ನಟ್ ಮರದಲ್ಲಿ. 'ರಿಸರ್ವಾ' ಎಂದು ಬರೆಯಬೇಕಾದರೆ 36 ತಿಂಗಳು.

ಪಕ್ಕದ ಡೊನ್ನಾಸ್ ಗಡಿಯಾಚೆಗಿದ್ದರೂ ಒಂದೇ ನದಿ, ಒಂದೇ ದ್ರಾಕ್ಷಿ, ಬಹುಮಟ್ಟಿಗೆ ಒಂದೇ ರೀತಿಯ ತೋಟ. ಆವೋಸ್ಟಾ ಕಣಿವೆಯ ಮೊದಲ ಡಿಒಸಿ ಅದು, 1971ರಲ್ಲಿ. ಕಣಿವೆಯಲ್ಲಿ ಇನ್ನೂ ಮೇಲೆ ಹೋದರೆ ಅರ್ವಿಯೆ ಎಂಬಲ್ಲಿ ಐದಾರು ಹೆಕ್ಟೇರಿನ ಇನ್ನೊಂದು ಬೋಗುಣಿ ತೋಟವಿದೆ. ಬೇಸಿಗೆಯ ಕಾವಿಗೆ ಜನ ಅದನ್ನು 'ನರಕ' ಎಂದೇ ಕರೆದರು, ವೈನಿನ ಹೆಸರೂ ಅದೇ. ಅಲ್ಲಿನ ದ್ರಾಕ್ಷಿ ಮಾತ್ರ ನೆಬ್ಬಿಯೋಲೊ ಅಲ್ಲ, ಪೆತಿ ರೂಜ್.

ಕಾರ್ಖಾನೆ ಮತ್ತು ತೋಟ

ಕರೇಮಾದ ಇಪ್ಪತ್ತನೆಯ ಶತಮಾನವನ್ನು ಒಲಿವೆಟ್ಟಿಯ ಹೆಸರಿಲ್ಲದೆ ಹೇಳಲಾಗದು. ಕಮಿಲ್ಲೊ ಒಲಿವೆಟ್ಟಿ 1908ರಲ್ಲಿ ಇವ್ರೇಯಾದಲ್ಲಿ ಬೆರಳಚ್ಚು ಯಂತ್ರದ ಕಾರ್ಖಾನೆ ತೆರೆದರು. ಅವರ ಮಗ ಆದ್ರಿಯಾನೊ ಕಾಲದಲ್ಲಿ ಅದು ತನ್ನ ಕ್ಷೇತ್ರದಲ್ಲಿ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿ ಒಂದಾಯಿತು. 1950ರಲ್ಲಿ ಬಂದ ಲೆಟ್ಟೆರಾ 22 ಎಂಬ ಕೈಚೀಲದಂಥ ಯಂತ್ರ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿತು. ಕಾರ್ಮಿಕರಿಗೆ ಮನೆ, ಗ್ರಂಥಾಲಯ, ಶಿಶುವಿಹಾರ ಕಟ್ಟಿದ ಆ ಕಾರ್ಖಾನೆ ಪಟ್ಟಣವನ್ನು ಯುನೆಸ್ಕೊ 2018ರಲ್ಲಿ ವಿಶ್ವಪರಂಪರೆಯ ತಾಣವಾಗಿ ಘೋಷಿಸಿತು. ಒಡ್ಡುಗೋಡೆಯ ವಿದ್ಯೆಗೂ ಕಾರ್ಖಾನೆ ಪಟ್ಟಣಕ್ಕೂ ಮನ್ನಣೆ ಸಿಕ್ಕಿದ್ದು ಒಂದೇ ವರ್ಷ.

ಬೆಟ್ಟದಲ್ಲಿ ಕಲ್ಲು ಹೊರುವ ಬದಲು ತಿಂಗಳ ಸಂಬಳ, ರಜೆ, ಪಿಂಚಣಿ ಸಿಗುವಾಗ ಯುವಕರು ಕೆಳಗಿಳಿದರು. ಅವರನ್ನು ದೂರುವಂತಿಲ್ಲ. ಕೆಲವರು ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ, ಶನಿವಾರ, ಭಾನುವಾರ ಅಪ್ಪನ ತೋಟ ನೋಡಿಕೊಂಡರು. ತೋಟ ಸಂಪೂರ್ಣ ಸಾಯದೆ ಉಳಿದದ್ದು ಹೀಗೆ. ಉಳಿದ ಕಡೆ ಕಾಡು ಹಬ್ಬಿತು. ಒಂದು ಒಡ್ಡು ಕುಸಿದರೆ ಅದರ ಮೇಲಿನದಕ್ಕೆ ಆಸರೆ ತಪ್ಪುತ್ತದೆ, ಹಾಗಾಗಿ ಒಬ್ಬನು ಬಿಟ್ಟ ತೋಟ ನೆರೆಯವನ ತೋಟಕ್ಕೂ ಕುತ್ತು.

1960ರಲ್ಲಿ ಊರಿನ ಬೆಳೆಗಾರರು ಸೇರಿ ನೆಬ್ಬಿಯೋಲೊ ದಿ ಕರೇಮಾ ಉತ್ಪಾದಕರ ಸಹಕಾರ ಸಂಘ ಕಟ್ಟಿದರು. ಸದಸ್ಯರಲ್ಲಿ ಹೆಚ್ಚಿನವರದು ಗುಂಟೆ ಲೆಕ್ಕದ ಚೂರುಪಾರು ತಾಕುಗಳು. ಸ್ವಂತ ನೆಲಮಾಳಿಗೆ, ಪೀಪಾಯಿ ಇಟ್ಟುಕೊಳ್ಳಲು ಅವರಿಂದಾಗದು. ಹಣ್ಣನ್ನು ಸಂಘಕ್ಕೆ ತಂದು ಸುರಿದರೆ ಮುಂದಿನದು ಸಂಘದ ಹೊಣೆ. ನಮ್ಮ ಹಳ್ಳಿಗಳ ಹಾಲಿನ ಡೇರಿ ನಡೆಯುವ ಕ್ರಮ ಬಲ್ಲವರಿಗೆ ಇದರ ಮಹತ್ವ ವಿವರಿಸಬೇಕಿಲ್ಲ. ಸಂಘದ ಜೊತೆಗೆ ಇವ್ರೇಯಾದ ಫೆರ್ರಾಂದೊ ಮನೆತನ ಕರೇಮಾವನ್ನು ದೇಶದ ಹೊರಗೂ ಪರಿಚಯಿಸಿತು. ಹಲವು ದಶಕಗಳ ಕಾಲ ಕರೇಮಾ ಎಂದರೆ ಮುಖ್ಯವಾಗಿ ಈ ಇಬ್ಬರೇ. ಕೊಳ್ಳುವವರು ಗಮನಿಸಬೇಕಾದ ಒಂದು ವಿಚಾರವಿದೆ: ಸಂಘದ ಬಾಟಲಿಗಳಲ್ಲಿ ಕಪ್ಪು ಚೀಟಿಯದು ಸಾಮಾನ್ಯ ಕರೇಮಾ, ಬಿಳಿ ಚೀಟಿಯದು ರಿಸರ್ವಾ. ಫೆರ್ರಾಂದೊದಲ್ಲಿ ಇದು ತಿರುವುಮುರುವು, ಬಿಳಿ ಚೀಟಿ ವರ್ಷವರ್ಷದ್ದು, ಕಪ್ಪು ಚೀಟಿ ಒಳ್ಳೆಯ ವರ್ಷಗಳಲ್ಲಿ ಮಾತ್ರ.

ಲೇಖಕ, ಚಿತ್ರನಿರ್ದೇಶಕ ಮಾರಿಯೊ ಸೊಲ್ದಾತಿ (1906-1999) ಇಟಲಿಯ ಹಳ್ಳಿಹಳ್ಳಿಗಳ ವೈನ್ ಹುಡುಕಿ ತಿರುಗಿ ಬರೆದ 'ವೀನೊ ಅಲ್ ವೀನೊ' ಕೃತಿಯ ಮೂರು ಸಂಪುಟಗಳು 1969ರಿಂದ 1976ರ ನಡುವೆ ಬಂದವು. ಕರೇಮಾವನ್ನು ಮನಸಾರೆ ಮೆಚ್ಚಿದವರಲ್ಲಿ ಅವರು ಪ್ರಮುಖರು.

ಊರಿನ ಊಟದ ಜೊತೆ ಈ ವೈನ್ ತನ್ನ ಒಗರನ್ನು ಬಿಟ್ಟುಕೊಡುತ್ತದೆ. ಹುರುಳಿಕಾಯಿ ಬೀಜ ಮತ್ತು ಹಂದಿಯ ಚರ್ಮವನ್ನು ಮಣ್ಣಿನ ಗಡಿಗೆಯಲ್ಲಿ ಗಂಟೆಗಟ್ಟಲೆ ಬೇಯಿಸುವ 'ತೊಫೇಯಾ', ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ, ಹಸುವಿನ ಹಾಲಿನ ತೋಮಾ, ಫೊಂತೀನಾ ಚೀಸ್ ಇಲ್ಲಿನ ಆಹಾರ. ಕೊಬ್ಬಿನ ಜಿಡ್ಡು ಒಗರನ್ನು ಮೆತ್ತಗಾಗಿಸುತ್ತದೆ, ಹುಳಿ ಜಿಡ್ಡನ್ನು ಕತ್ತರಿಸುತ್ತದೆ.

ಈಚಿನ ದಿನಗಳು

ಕಡಿದಾದ ನೆಲದ ಇಂಥ ಕೃಷಿಗೆ ಇಟಲಿಯಲ್ಲಿ 'ವೀರ ದ್ರಾಕ್ಷಿಕೃಷಿ' ಎಂಬ ಹೆಸರು ನೆಲೆನಿಂತಿದೆ. ಆವೋಸ್ಟಾ ಕಣಿವೆಯಲ್ಲಿ 1987ರಲ್ಲಿ ಶುರುವಾದ ಚೆರ್ವಿಮ್ ಸಂಸ್ಥೆ ಇದಕ್ಕೆ ಅಳತೆಗಳನ್ನು ಇಟ್ಟಿದೆ: ಶೇ 30ಕ್ಕಿಂತ ಹೆಚ್ಚಿನ ಇಳಿಜಾರು, 500 ಮೀಟರ್ ಮೀರಿದ ಎತ್ತರ, ಮೆಟ್ಟಿಲು ತೋಟ, ಸಣ್ಣ ದ್ವೀಪ ಇವುಗಳಲ್ಲಿ ಯಾವುದಾದರೂ ಒಂದಿರಬೇಕು. 2016ರ ವೈನ್ ಕಾನೂನು ಇಂಥ ತೋಟಗಳ ಸಂರಕ್ಷಣೆಯನ್ನು ಸರ್ಕಾರದ ಕೆಲಸವೆಂದು ಒಪ್ಪಿತು.

ಹವಾಮಾನ ಬಿಸಿಯಾಗುತ್ತಿರುವುದರಿಂದ ದಕ್ಷಿಣದ ಗುಡ್ಡಗಳ ನೆಬ್ಬಿಯೋಲೊದಲ್ಲಿ ಆಲ್ಕೊಹಾಲ್ ಶೇ 14 ದಾಟುವುದು ಮಾಮೂಲಾಗಿದೆ. ಹಿಂದೆ ತೀರಾ ತಂಪೆನಿಸಿದ್ದ ಕರೇಮಾದ ಕಡೆಗೆ ಜನರ ಕಣ್ಣು ತಿರುಗಿರುವುದಕ್ಕೆ ಇದೂ ಒಂದು ಕಾರಣ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕೆಲವು ಯುವಕ ಯುವತಿಯರು ಪಾಳುಬಿದ್ದ ತಾಕುಗಳನ್ನು ಕೊಂಡೋ ಗೇಣಿಗೆ ಪಡೆದೋ ಸ್ವಂತ ಹೆಸರಿನಲ್ಲಿ ವೈನ್ ಮಾಡತೊಡಗಿದ್ದಾರೆ. ಮುಳ್ಳುಪೊದೆ, ಅಡ್ಡಾದಿಡ್ಡಿ ಬೆಳೆದ ಮರಗಳನ್ನು ಕಡಿಯುತ್ತಾ ಹೋದಂತೆ ಒಳಗಿಂದ ಹಳೆಯ ಪಿಲುನ್‌ಗಳು ಒಂದೊಂದಾಗಿ ಬಯಲಿಗೆ ಬರುತ್ತವೆ. ತೊಲೆ ಗಳುಗಳು ಎಂದೋ ಕೊಳೆತುಹೋಗಿರುತ್ತವೆ, ಕಂಬ ಮಾತ್ರ ನಿಂತಿರುತ್ತದೆ. ಒಡ್ಡು ಕುಸಿದಲ್ಲಿ ಕಲ್ಲನ್ನೆಲ್ಲ ಬಿಡಿಸಿ, ದೊಡ್ಡದು ಸಣ್ಣದು ಬೇರೆ ಮಾಡಿ, ಬುಡದಿಂದ ಮತ್ತೆ ಕಟ್ಟಬೇಕು. ಆಮೇಲೆ ತೊಲೆ, ಗಳು, ಸಸಿ. ನೆಟ್ಟ ಬಳ್ಳಿ ಕೊಯ್ಯುವಷ್ಟು ಹಣ್ಣು ಕೊಡಲು ಮೂರು ವರ್ಷ, ಆ ಹಣ್ಣಿನ ವೈನ್ ಕರೇಮಾ ಎಂಬ ಹೆಸರು ಹೊತ್ತು ಹೊರಗೆ ಬರಲು ಇನ್ನೆರಡು ವರ್ಷ.